ಅಂಗೈ ಹುಣ್ಣು

ಹನ್ನೆರಡು ದಿನಕ್ಕೊಮ್ಮೆ ಅದು ಬರುತ್ತದೆ
ಸೊಹಾರಿನ ಮೇಲೆ, ನಸುಕಿನಲ್ಲಿ,
ಮೀನು ಹರಾಜಿನವರು ಕೂಗು ಹಾಕುವ ಹೊತ್ತಿಗೆ.
ಯಾರೂ ತಲೆಯೆತ್ತುವುದಿಲ್ಲ. ಎತ್ತಿದರೂ ಕಾಣುವುದಿಲ್ಲ.

ತಾಮ್ರ ತೆಗೆದವರು ಹೋದರು.
ಅವರು ಅರೆದು, ತೊಳೆದು, ಬೇಡವೆಂದು ಬಿಟ್ಟದ್ದು
ಗುಡ್ಡದ ಸಂದಿಯಲ್ಲಿ ಕೂತಿದೆ
ಕೆಂಪಗೆ, ಬೂದಿಯಾಗಿ, ಅಂಚಿನಲ್ಲಿ ಹಳದಿ,
ಒಂದು ಕಟ್ಟೆಯ ಹಿಂದೆ.
ನನ್ನೂರು ಹಟ್ಟಿಯಲ್ಲಿ ಕಟ್ಟೆಯೆಂದರೆ ಬೇವಿನ ಮರ, ಬೀಡಿ,
ಪಾಳಿ ಮುಗಿಸಿ ಬಂದವರ ಮಾತು.
ಇಲ್ಲಿ ಕಟ್ಟೆಗೆ ಒಂದೇ ಕೆಲಸ, ಸುಮ್ಮನೆ ನಿಲ್ಲುವುದು.
ನನಗೂ ಒಂದೇ:
ಅದು ಸುಮ್ಮನೆ ನಿಂತಿದೆಯೇ ಎಂದು ನೋಡುವುದು.

ಅಪ್ಪ ಚಿನ್ನದ ಗಣಿಯಲ್ಲಿ ಕಲ್ಲು ಅರೆಯುವ ಕಡೆ ಇದ್ದ.
ಒಂದು ಟನ್ನು ಕಲ್ಲಿಗೆ ಮೂರೋ ನಾಲ್ಕೋ ಗ್ರಾಂ, ಅಷ್ಟೆ.
ಉಳಿದದ್ದು ಎಲ್ಲಿ ಹೋಗುತ್ತದಪ್ಪಾ ಎಂದರೆ
'ಉಳಿದದ್ದೇ ಊರು' ಎಂದಿದ್ದ.

ನೋಡುವುದೆಂದರೆ ಕಣ್ಣಿನಿಂದಲ್ಲ.
ಮೇಲಿಂದ ಒಂದು ಅಲೆ ಇಳಿದು, ಬಡಿದು, ಮರಳುತ್ತದೆ;
ಹೋದ ಸಲ ಮರಳಿದ್ದಕ್ಕೂ ಈ ಸಲದ್ದಕ್ಕೂ
ಎಷ್ಟು ತಡ, ಎಷ್ಟು ಬೇಗ, ಅದೇ ಲೆಕ್ಕ.
ಪರದೆಯ ಮೇಲೆ ಬಣ್ಣಗಳು ಬಳೆಬಳೆಯಾಗಿ ಸುತ್ತಿಕೊಳ್ಳುತ್ತವೆ.
ಬಳೆ ಚೆಂದವಿದ್ದಷ್ಟೂ ಸುದ್ದಿ ಕೆಟ್ಟದ್ದು.

ಮಾರ್ಚಿನಲ್ಲಿ ಎಡಮೂಲೆ ಎರಡು ಮಿಲಿಮೀಟರ್ ತಗ್ಗಿತು.
ಎಳ್ಳುಕಾಳಿನಷ್ಟು.
ಏಪ್ರಿಲ್ಲಿಗೆ ಏಳು.
ಮೇ ತಿಂಗಳ ಮೊದಲ ಸುತ್ತಿಗೆ ಹನ್ನೊಂದು, ಆಮೇಲೆ
ಒಮ್ಮೆಲೇ ಏನೂ ಇಲ್ಲ. ಕುರುಡು.
ನಾವು ಅಲ್ಲಿ ನೆಟ್ಟಿದ್ದ ತಗಡಿನ ಮುಕ್ಕೋನ,
ಆಕಾಶಕ್ಕೆ ಹಿಡಿದ ಕನ್ನಡಿ,
ಮಾರುತ್ತರ ಕೊಡುವುದನ್ನೇ ನಿಲ್ಲಿಸಿತ್ತು.

"ಗಾಳಿಯ ತೇವ," ಎಂದರು ಡೆನ್ಜಿಲ್ ಸಾಹೇಬರು. "ಬಿಡಮ್ಮಾ."
ತಪ್ಪೇನಲ್ಲ. ಬೇಸಿಗೆಯಲ್ಲಿ ಈ ಕರಾವಳಿಯ ಗಾಳಿ
ಒದ್ದೆ ಅಂಗಿಯ ಹಾಗೆ ಮೈಗಂಟುತ್ತದೆ,
ಅಲೆಯೂ ಅದರೊಳಗೆ ತಡವರಿಸುತ್ತದೆ.
ಆದರೂ ನಾನು ಪಿಕಪ್ ಹತ್ತಿದೆ.

ಮುಕ್ಕೋನದ ಮಡಿಲಲ್ಲಿ ಒಂದು ಮೇಕೆ ಮಲಗಿತ್ತು,
ಒತ್ತಿಕೊಂಡು ಮರಿ. ಮೇಲೆ ಗೋಣಿತಾಟಿನ ಚಪ್ಪರ,
ಮೂಲೆಯಲ್ಲಿ ನೀರಿನ ಡಬ್ಬ.
ಖಲ್ಫಾನ್ ಬಿನ್ ಸುವೈದ್ ಎದ್ದು ಬಂದರು,
ಕೈಯಲ್ಲಿ ಕೋಲು, ಬಾಯಲ್ಲಿ ಮುಂಬಯಿ ಹಿಂದಿ.
"ಹೋದ ವಾರ ಈದಿತು. ಇಲ್ಲಿ ನೆರಳು ಎಲ್ಲಿದೆ?"
ಅಲ್ಲಿದೆಯಲ್ಲ, ಎಂದೆ. ಕಟ್ಟೆಯ ಬುಡದಲ್ಲಿ
ಸಮುರ್ ಜಾಲಿ ಹೊಸ ಚಿಗುರು ತುಂಬಿ ನಿಂತಿತ್ತು.
ಅವರು ನಗಲಿಲ್ಲ.
"ಅಲ್ಲಿಗೆ ಮೇಕೆ ಹೋಗುವುದಿಲ್ಲ.
ಮಳೆ ಬಿದ್ದು ಹದಿನಾಲ್ಕು ತಿಂಗಳಾಯಿತು.
ಆ ಮರ ಯಾರ ನೀರು ಕುಡಿಯುತ್ತಿದೆ, ನೀನೇ ಹೇಳು."

ಬಗ್ಗಿ ಮಣ್ಣು ಮುಟ್ಟಿದೆ. ತಣ್ಣಗಿತ್ತು.
ಬೆರಳಲ್ಲಿ ಹಳೆಯ ನಾಣ್ಯದ ವಾಸನೆ.
ಹಟ್ಟಿಯಲ್ಲಿ ಹಸಿರು ಕಂಡರೆ ಅವ್ವ ಕೈಮುಗಿಯುತ್ತಿದ್ದಳು.
ಇಲ್ಲಿ ನಾನು ಹಸಿರಿಗೆ ಹೆದರಿದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ.
ಬೇಕು. ಏಳುನೂರು ಕಿಲೋಮೀಟರ್ ಮೇಲೆ ಬೇಕು,
ಮೂರು ಸಹಿ ಬೇಕು, ನಕ್ಷೆಗೆ ಬಣ್ಣದ ಸೂಚಿ ಬೇಕು.
ಅಂಗೈ ಯಾರದೋ, ಕನ್ನಡಿ ಯಾರದೋ.

ಬರೆದೆ: ಬುಡದಲ್ಲಿ ಜಿನುಗು, ಮೂಲೆಯಲ್ಲಿ ಚಲನೆ,
ಕೆಳಗೆ ನಾಲ್ಕು ಕಿಲೋಮೀಟರಿಗೆ ಫಲಜಿನ ಕಾಲುವೆ, ಖರ್ಜೂರದ ತೋಟ,
ಹದಿನೇಳು ಮನೆ.
ಮೇಕೆಯ ತಿಳಿವಳಿಕೆ 'ಸ್ಥಳೀಯ ಅವಲೋಕನ'ವಾಯಿತು.
ಡೆನ್ಜಿಲ್ ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.
ಸಂಜೆಗೆ ಪಂಪು ಬಂತು. ಒಂದೇ.

ನಿನ್ನೆ ಖಲ್ಫಾನ್ ಮೇಕೆಯನ್ನು ಎಬ್ಬಿಸಿದರು,
ತಲೆಯ ಮುಸರ್ ಬಿಚ್ಚಿ ತಗಡು ಒರೆಸಿದರು.
"ಈಗ ಅದಕ್ಕೆ ನಾವು ಕಾಣುತ್ತೇವಾ?"
ತಗಡು ಕಾಣುತ್ತದೆ, ಎಂದೆ.
ಒಮ್ಮೆ ಮೇಲೆ ನೋಡಿದರು. ಆಮೇಲೆ
ಮರಿಯನ್ನು ಹೆಗಲಿಗೇರಿಸಿ, ಗೋಣಿತಾಟನ್ನು
ಹತ್ತು ಹೆಜ್ಜೆ ಆಚೆ ನಾಲ್ಕು ಕೋಲಿಗೆ ಕಟ್ಟತೊಡಗಿದರು.
ಇನ್ನು ಒಂಬತ್ತು ದಿನ.